‘ವೋಟು ಬ್ಯಾಂಕು’ ಎಂಬ ಮಾತಿನ ವಿಚಾರ: ಉಡುಪಿ, ಕಾಪು, ಕಾರ್ಕಳಗಳ ನಿದರ್ಶನದಿಂದ

(೧)

ಕೆಲವು ಮಾತುಗಳು ಒಂದು ಸಂದರ್ಭದಲ್ಲಿ ನಿಜವಾದ ಅರ್ಥವನ್ನು ಹೊತ್ತು ಹುಟ್ಟುತ್ತವೆ. ಆ ಸಂದರ್ಭವು ಅಳಿದ ಮೇಲೆಯೂ ತಾವು ಮಾತ್ರ ಉಳಿದು, ವಿಚಾರಕ್ಕೆ ನೆರವಾಗುವುದಕ್ಕೆ ಬದಲಾಗಿ ವಿಚಾರವನ್ನೇ ತಡೆಯುತ್ತವೆ. ‘ವೋಟು ಬ್ಯಾಂಕು’ ಎಂಬುದು ಅಂಥ ಮಾತುಗಳಲ್ಲೊಂದು. ಚುನಾವಣೆಯ ಕಾಲದಲ್ಲಿ ಪತ್ರಿಕೆಗಳು ಇದನ್ನು ನಿತ್ಯವೂ ಬಳಸುವುವು. ಕಾಲೇಜಿನ ತರಗತಿಗಳಲ್ಲಿಯೂ, ಕಾದಂಬರಿಗಳ ವಿಮರ್ಶೆಯಲ್ಲಿಯೂ ಇದು ನಿರಾತಂಕವಾಗಿ ಸಂಚರಿಸುತ್ತಿದೆ. ಇಂಥ ಜಾತಿ ಇಂಥ ಪಕ್ಷದ ಬ್ಯಾಂಕು, ಇಂಥ ಮತದವರು ಇಂಥವರ ಬ್ಯಾಂಕು ಎಂದು ಹೇಳಿಬಿಟ್ಟರೆ ಎಲ್ಲವನ್ನೂ ವಿವರಿಸಿದಂತಾಯಿತೆಂದು ತಿಳಿಯುವ ವಾಡಿಕೆ ಬೆಳೆದಿದೆ. ಬ್ಯಾಂಕೆಂದಮೇಲೆ ಅದರಲ್ಲಿ ಇಟ್ಟ ಹಣವಿರಬೇಕು, ಹಣಕ್ಕೆ ಒಡೆಯನಿರಬೇಕು, ಒಡೆಯನು ಬೇಕೆಂದಾಗ ಅದು ಕೈಗೆ ಬರಬೇಕು. ಮತಗಳ ವಿಷಯದಲ್ಲಿ ಈ ಒಡೆಯನು ಯಾರು? ಈ ಪ್ರಶ್ನೆಯನ್ನು ಕೇಳದೆ ಮಾತನ್ನು ಬಳಸುವುದರಿಂದ ಮತದಾರನಿಗೆ ಅನ್ಯಾಯವಾಗುತ್ತದೆ, ಶಾಸ್ತ್ರಕ್ಕೂ ಹಾನಿಯಾಗುತ್ತದೆ.

ಈ ಮಾತನ್ನು ಸಮಾಜಶಾಸ್ತ್ರದಲ್ಲಿ ರೂಢಿಗೆ ತಂದವರು ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು. ೧೯೪೮ರಲ್ಲಿ ಮೈಸೂರಿನ ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿ, ಅದಕ್ಕೆ ‘ರಾಮಪುರ’ವೆಂದು ಹೆಸರಿಟ್ಟು, ಅಲ್ಲಿ ಕಂಡದ್ದನ್ನು ೧೯೫೫ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ವಿವರಿಸಿದರು. ಅವರ ಪ್ರಯೋಗದಲ್ಲಿ ಬ್ಯಾಂಕಿನ ಒಡೆಯನು ಸ್ಪಷ್ಟನಾಗಿದ್ದಾನೆ. ಅವನು ಊರಿನ ಯಜಮಾನ. ಅವನ ಭೂಮಿಯನ್ನು ಆಶ್ರಯಿಸಿದವರು, ಅವನಿಂದ ಸಾಲ ಪಡೆದವರು, ಅವನ ಪಂಚಾಯಿತಿಗೆ ತಲೆಬಾಗುವವರು ಅವನು ಹೇಳಿದವರಿಗೆ ಮತ ಹಾಕುವರು. ಅಭ್ಯರ್ಥಿಯು ಮತದಾರನ ಬಳಿಗೆ ಹೋಗದೆ ಯಜಮಾನನ ಬಳಿಗೆ ಹೋಗುವನು. ಎಂದರೆ ಮೂಲಾರ್ಥದಲ್ಲಿ ಈ ಮಾತು ಜಾತಿಯನ್ನಾಗಲಿ ಧರ್ಮವನ್ನಾಗಲಿ ಸೂಚಿಸುವುದಿಲ್ಲ. ಆಶ್ರಯದಾತನಿಗೂ ಆಶ್ರಿತನಿಗೂ ಇರುವ ಸಂಬಂಧವನ್ನು ಸೂಚಿಸುತ್ತದೆ. ಇಂದಿನ ಬಳಕೆಯಲ್ಲಾದರೋ ಯಜಮಾನನು ಮಾಯವಾಗಿದ್ದಾನೆ, ಅವನ ಸ್ಥಾನದಲ್ಲಿ ಜಾತಿಯ ಹೆಸರು ಕುಳಿತಿದೆ. ಸಂಬಂಧವನ್ನು ಹೇಳುತ್ತಿದ್ದ ಮಾತು ಗುಂಪನ್ನು ಹೇಳತೊಡಗಿತು. ಸಂಬಂಧವು ಕಾಲಕ್ರಮದಲ್ಲಿ ಬದಲಾಗತಕ್ಕದ್ದು. ಗುಂಪಾದರೋ ಜನ್ಮದಿಂದ ಬಂದದ್ದೆಂದು ತೋರುವುದು. ಆದುದರಿಂದ ಮಾತಿನ ಈ ಅರ್ಥಾಂತರದೊಡನೆ ಮತದಾರನು ಬದಲಾಗಬಲ್ಲನೆಂಬ ಭಾವನೆಯೂ ಸದ್ದಿಲ್ಲದೆ ಕಳೆದುಹೋಯಿತು.

ಈ ಅರ್ಥಾಂತರವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸುವುದಕ್ಕೆ ಉಡುಪಿ ಸೀಮೆಯು ಒಳ್ಳೆಯ ಒರೆಗಲ್ಲು. ಭೂಮಿಯ ಸಂಬಂಧವು ಇಲ್ಲಿ ಅತಿ ಬಿಗಿಯಾಗಿತ್ತು. ಕಾನೂನಿನ ಮೂಲಕ ಅದು ಒಂದೇ ತಲೆಮಾರಿನಲ್ಲಿ ಬಿಚ್ಚಿಹೋಯಿತು. ಪಕ್ಷಗಳ ಬಲಾಬಲವೂ ಅದರ ಬೆನ್ನಿಗೆ ತಲೆಕೆಳಗಾಯಿತು.

(೨)

ಮೊದಲು ಚುನಾವಣೆಗಳ ಇತಿವೃತ್ತವನ್ನು ಸಂಕ್ಷೇಪವಾಗಿ ನೋಡತಕ್ಕದ್ದು. ದಕ್ಷಿಣ ಕನ್ನಡ ಜಿಲ್ಲೆಯು ೧೯೫೬ನೆಯ ನವೆಂಬರ್ ೧ರ ವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದಿತು. ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳು ಅದರಿಂದ ಬೇರ್ಪಟ್ಟು ೧೯೯೭ರಲ್ಲಿ ಉಡುಪಿ ಜಿಲ್ಲೆಯಾದುವು. ಈ ಪ್ರದೇಶದಿಂದ ಮೊದಲ ಲೋಕಸಭೆಗೆ ಕಾಂಗ್ರೆಸ್ಸಿನ ಯು. ಶ್ರೀನಿವಾಸ ಮಲ್ಯರು ಆಯ್ಕೆಯಾದರು. ೧೯೫೭ ಮತ್ತು ೧೯೬೨ರಲ್ಲಿ ಉಡುಪಿ ಕ್ಷೇತ್ರವು ಅವರನ್ನೇ ಕಳುಹಿಸಿತು. ೧೯೬೭ರಲ್ಲಿ ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭುಗಳು ಗೆದ್ದರು. ೧೯೭೧ರಲ್ಲಿ ಕಾಂಗ್ರೆಸ್ಸಿನ ಪಿ. ರಂಗನಾಥ ಶೆಣೈ, ೧೯೭೭ರಲ್ಲಿ ಅದೇ ಪಕ್ಷದ ಟಿ. ಎ. ಪೈ, ತರುವಾಯ ೧೯೮೦ರಿಂದ ೧೯೯೬ರ ವರೆಗಿನ ಐದು ಚುನಾವಣೆಗಳಲ್ಲಿ ಆಸ್ಕರ್ ಫರ್ನಾಂಡಿಸ್ ಆಯ್ಕೆಯಾದರು. ೧೯೯೮ರಲ್ಲಿ ಭಾರತೀಯ ಜನತಾ ಪಕ್ಷದ ಐ. ಎಂ. ಜಯರಾಮ ಶೆಟ್ಟರು ಅವರನ್ನು ಸೋಲಿಸಿದರು. ೧೯೯೯ರಲ್ಲಿ ಕಾಂಗ್ರೆಸ್ಸಿನ ವಿನಯಕುಮಾರ್ ಸೊರಕೆ ಗೆದ್ದರು. ೨೦೦೪ರಲ್ಲಿ, ಹಿಂದೆ ಕಾಂಗ್ರೆಸ್ಸಿನಲ್ಲಿದ್ದ ಮನೋರಮಾ ಮಧ್ವರಾಜರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಕ್ಷೇತ್ರಗಳ ಮರುವಿಂಗಡಣೆಯಾಗಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರವು ಏರ್ಪಟ್ಟ ಮೇಲೆ, ೨೦೧೨ರ ಉಪಚುನಾವಣೆಯೊಂದನ್ನುಳಿದು, ೨೦೦೯ರಿಂದ ೨೦೨೪ರ ವರೆಗೆ ಅದೇ ಪಕ್ಷವು ಗೆದ್ದಿದೆ.

ವಿಧಾನಸಭೆಯ ಕ್ಷೇತ್ರಗಳಲ್ಲಿಯೂ ಇದೇ ಚಲನೆ ಕಾಣುವುದು. ಕಾರ್ಕಳವು ೧೯೭೨ರಿಂದ ೧೯೯೪ರ ವರೆಗಿನ ಆರು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಎಂ. ವೀರಪ್ಪ ಮೊಯಿಲಿಯವರನ್ನು ಆರಿಸಿತು. ೧೯೯೯ ಮತ್ತು ೨೦೦೮ರಲ್ಲಿ ಅದೇ ಪಕ್ಷದ ಗೋಪಾಲ ಭಂಡಾರಿಯವರನ್ನು, ೨೦೦೪ರಲ್ಲಿಯೂ ೨೦೧೩ರಿಂದ ಮೊದಲ್ಗೊಂಡು ಮೂರು ಬಾರಿಯೂ ಭಾರತೀಯ ಜನತಾ ಪಕ್ಷದ ವಿ. ಸುನಿಲ್ ಕುಮಾರರನ್ನು ಆರಿಸಿತು. ಉಡುಪಿಯಲ್ಲಿ ೧೯೮೩ರಷ್ಟು ಹಿಂದೆಯೇ ವಿ. ಎಸ್. ಆಚಾರ್ಯರು ಆ ಪಕ್ಷದಿಂದ ಗೆದ್ದಿದ್ದರು. ಕಾಪುವಿನಲ್ಲಿ ೨೦೦೮ರಲ್ಲಿ ಲಾಲಾಜಿ ಮೆಂಡನ್, ೨೦೧೩ರಲ್ಲಿ ಕಾಂಗ್ರೆಸ್ಸಿನ ಸೊರಕೆ, ೨೦೧೮ರಲ್ಲಿ ಮತ್ತೆ ಮೆಂಡನ್, ೨೦೨೩ರಲ್ಲಿ ಗುರ್ಮೆ ಸುರೇಶ ಶೆಟ್ಟಿ ಗೆದ್ದರು. ೨೦೧೮ ಮತ್ತು ೨೦೨೩ರಲ್ಲಿ ಜಿಲ್ಲೆಯ ಐದು ಕ್ಷೇತ್ರಗಳೂ ಭಾರತೀಯ ಜನತಾ ಪಕ್ಷಕ್ಕೇ ಸಂದುವು.

ಈ ಪಟ್ಟಿಯನ್ನು ನೋಡಿದೊಡನೆಯೇ ಜಾತಿಯ ಲೆಕ್ಕಾಚಾರಕ್ಕೆ ತೊಡಕುಂಟಾಗುತ್ತದೆ. ಹಿಂದೂಗಳು ಬಹುಸಂಖ್ಯಾತರಾಗಿರುವ ಉಡುಪಿ ಕ್ಷೇತ್ರವು ಕ್ರೈಸ್ತರಾದ ಲೋಬೊ ಪ್ರಭುಗಳನ್ನು ಒಮ್ಮೆಯೂ ಆಸ್ಕರ್ ಫರ್ನಾಂಡಿಸರನ್ನು ಐದು ಬಾರಿಯೂ ಆರಿಸಿತು. ಮೊಯಿಲಿಯವರು ಸಂಖ್ಯೆಯಲ್ಲಿ ದೊಡ್ಡದಲ್ಲದ ದೇವಾಡಿಗ ಸಮಾಜದವರು. ಕಾರ್ಕಳವು ಅವರನ್ನು ಎರಡು ದಶಕಗಳಿಗೂ ಮೀರಿ ಉಳಿಸಿಕೊಂಡಿತು. ಅಭ್ಯರ್ಥಿಯ ಜಾತಿಯನ್ನು ನೋಡಿಯೇ ಮತದಾರನು ಮತ ಹಾಕುವನೆಂಬುದು ನಿಜವಾಗಿದ್ದ ಪಕ್ಷದಲ್ಲಿ ಈ ಫಲಗಳು ಬರತಕ್ಕವಲ್ಲ. ಹಾಗಾದರೆ ಮತವು ಯಾವ ನೆಲೆಯಿಂದ ಹೊರಟಿತು?

(೩)

ಈ ಪ್ರಶ್ನೆಗೆ ಉತ್ತರವನ್ನು ಮೊದಲು ಭೂಮಿಯಲ್ಲಿ ಹುಡುಕಬೇಕಾಗುತ್ತದೆ. ಕರಾವಳಿಯಲ್ಲಿ ಭೂಮಿಯ ಒಡೆಯನು ವರ್ಗದಾರ. ಸಾಗುವಳಿ ಮಾಡುವವನು ಒಕ್ಕಲು. ಒಕ್ಕಲುತನದಲ್ಲಿಯೂ ಭೇದಗಳಿದ್ದುವು. ಮೂಲಗೇಣಿಯವನದು ವಂಶಪಾರಂಪರ್ಯದ ಹಕ್ಕು, ಅವನ ಗೇಣಿ ನಿಶ್ಚಿತವಾದದ್ದು. ಚಾಲಗೇಣಿಯವನಿಗೆ ಒಡೆಯನ ಮರ್ಜಿಯೇ ಆಧಾರ. ಉಳುಮೆಯ ವರ್ಷವು ಮುಗಿದೊಡನೆ ಅವನನ್ನು ಎಬ್ಬಿಸಿ ಬೇರೊಬ್ಬನನ್ನು ಕೂರಿಸಬಹುದಾಗಿತ್ತು. ‘ಒಕ್ಕಲೆಬ್ಬಿಸುವುದು’ ಎಂಬ ಕ್ರಿಯಾಪದವು ಕನ್ನಡದಲ್ಲಿ ಇಂದು ಸಾಮಾನ್ಯಾರ್ಥದಲ್ಲಿ ಸವೆದುಹೋಗಿದ್ದರೂ, ಕರಾವಳಿಯ ಹಿರಿಯರಿಗೆ ಅದು ಮನೆ, ಗದ್ದೆ, ಬಾವಿ, ದೈವದ ಸ್ಥಾನ ಎಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಳ್ಳುವ ಭಯದ ಹೆಸರಾಗಿದ್ದಿತು. ಇಂಥ ಭಯವುಳ್ಳವನ ಮತವು ಒಡೆಯನ ಮಾತಿಗೆ ವಿರುದ್ಧವಾಗಿ ಹೋಗುವುದು ಸುಲಭವಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಶ್ರೀನಿವಾಸರ ಮಾತು ಮೂಲಾರ್ಥದಲ್ಲಿ ಸಲ್ಲತಕ್ಕದ್ದು ಇಂಥ ಸ್ಥಿತಿಗೆ.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಒಡೆಯರಲ್ಲಿ ಬ್ರಾಹ್ಮಣರೂ ಜೈನರೂ ಬಂಟರೂ ಗೌಡಸಾರಸ್ವತರೂ ಇದ್ದರು. ದೇವಸ್ಥಾನಗಳೂ ಮಠಗಳೂ ಇದ್ದುವು. ಒಕ್ಕಲುಗಳಲ್ಲಿ ಬಿಲ್ಲವರು, ಕ್ರೈಸ್ತರು ಮೊದಲಾದವರೊಡನೆ ಬಂಟರೂ ಇದ್ದರು. ಒಂದೇ ಜಾತಿಯವರು ಗೇಣಿಯ ಎರಡು ಕಡೆಗಳಲ್ಲಿಯೂ ನಿಂತಿದ್ದರೆಂದ ಮೇಲೆ, ಆ ಜಾತಿಯ ಹೆಸರೊಂದರಿಂದಲೇ ಅವರ ರಾಜಕೀಯವನ್ನು ತಿಳಿಯುವುದೆಂತು? ಧಣಿಯಾದ ಬಂಟನಿಗೂ ಅವನ ಒಕ್ಕಲಾದ ಬಂಟನಿಗೂ ಕುಲ ಒಂದೇ; ಗೇಣಿಯ ಅಕ್ಕಿಯನ್ನು ಅಳೆಯುವ ದಿನ ಹಿತ ಬೇರೆ ಬೇರೆ.

ಈ ಸಂಬಂಧದ ಒಳಸ್ವರೂಪವನ್ನು ಸರ್ಕಾರದ ದಾಖಲೆಗಳಿಗಿಂತ ಸ್ಫುಟವಾಗಿ ತೋರಿಸಿದ್ದು ಸಾಹಿತ್ಯ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೩೩ರಲ್ಲಿ ‘ಚೋಮನ ದುಡಿ’ಯನ್ನು ಬರೆದರು. ಚೋಮನು ಹೊಲೆಯ, ಸಂಕಪ್ಪಯ್ಯನ ಮೂಲದಾಳು. ಅವನಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಬೇಕಾದುದು ಗೇಣಿಗೆ ಒಂದು ತುಂಡು ಗದ್ದೆ. ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿಯು ಸಂಪ್ರದಾಯದ ಹೆಸರಿನಲ್ಲಿ ತಡೆಯುತ್ತಾಳೆ. ಈ ಕಾದಂಬರಿಯನ್ನು ಅಸ್ಪೃಶ್ಯತೆಯ ಕಥೆಯೆಂದು ಓದುವುದು ರೂಢಿ, ಅದು ತಪ್ಪೂ ಅಲ್ಲ. ಆದರೆ ಭೂಸಂಬಂಧದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅಂಶ ಹೊರಪಡುವುದು. ಚೋಮನು ಒಕ್ಕಲೂ ಅಲ್ಲ. ಒಕ್ಕಲಾಗುವುದೇ ಅವನ ಜೀವಮಾನದ ಆಸೆ. ಆಶ್ರಯದ ಏಣಿಯಲ್ಲಿ ಒಡೆಯನ ಕೆಳಗೆ ಒಕ್ಕಲು, ಒಕ್ಕಲಿನ ಕೆಳಗೆ ಆಳು ಎಂಬ ಮೂರು ಮೆಟ್ಟಿಲುಗಳಿದ್ದುವೆಂಬುದನ್ನು, ಒಕ್ಕಲನ್ನೂ ಆಳನ್ನೂ ‘ಬಡವರು’ ಎಂದು ಒಟ್ಟುಗೂಡಿಸುವ ವಿವರಣೆಗಳು ಮರೆಯುತ್ತವೆ. ಈ ಅಂಶದ ಪ್ರಾಮುಖ್ಯವು ಮುಂದೆ ತಿಳಿದುಬರುವುದು.

ಅವರದೇ ‘ಮರಳಿ ಮಣ್ಣಿಗೆ’ಯು ಕೋಟದ ನೆರೆಯ ಕಡಲ ಕರೆಯಲ್ಲಿ ಮೂರು ತಲೆಮಾರುಗಳ ಕಥೆಯನ್ನು ಹೇಳುತ್ತದೆ. ರಾಮ ಐತಾಳರ ತಲೆಮಾರು ಮಣ್ಣಿನಲ್ಲಿಯೇ ಬಾಳುವುದು. ನೆರೆಯ ಶೀನ ಮಯ್ಯರ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲಿನಿಂದ ಹಣ ಮಾಡುವರು. ಮಗ ಲಚ್ಚನು ಇಂಗ್ಲಿಷು ಕಲಿತು ಮನೆತನವನ್ನು ಕಳೆಯುವನು. ಮೊಮ್ಮಗ ರಾಮನು ಮದರಾಸಿನಲ್ಲಿ ಓದುತ್ತ ರಾಷ್ಟ್ರೀಯ ಚಳವಳಿಗೆ ಇಳಿದು, ಕೊನೆಗೆ ಮಣ್ಣಿಗೆ ಮರಳುವನು. ಒಂದೇ ಮನೆತನದಲ್ಲಿ, ಒಂದೇ ಜಾತಿಯಲ್ಲಿ, ತಲೆಮಾರಿನಿಂದ ತಲೆಮಾರಿಗೆ ಜೀವನೋಪಾಯವು ಬದಲಾದಂತೆ ಲೋಕದೃಷ್ಟಿಯೂ ಬದಲಾಗುವುದನ್ನು ಈ ಕೃತಿಯು ತೋರಿಸಿದೆ. ಅಜ್ಜನಿಗೆ ರಾಜಕೀಯವೇ ಇಲ್ಲ. ಮೊಮ್ಮಗನಿಗೆ ಅದು ಸೆರೆಮನೆಯ ದಾರಿ. ಮತದಾರನ ‘ಹಿನ್ನೆಲೆ’ಯೆಂಬುದು ಅಚಲವಾದ ಶಿಲೆಯಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಅಪರೂಪ.

ಆದರೂ ಗೇಣಿಯ ಕಾಲದಲ್ಲಿಯೂ ಈ ಸೀಮೆಯ ಮತಗಳು ಒಂದೇ ಪಕ್ಷಕ್ಕೆ ಮುಡಿಪಾಗಿರಲಿಲ್ಲ. ೧೯೬೭ರಲ್ಲಿ ಸ್ವತಂತ್ರ ಪಕ್ಷವು ಗೆದ್ದದ್ದೂ, ೧೯೬೮ರಲ್ಲಿ ಉಡುಪಿ ಪುರಸಭೆಯಲ್ಲಿ ಭಾರತೀಯ ಜನಸಂಘವು ಅಧಿಕಾರಕ್ಕೆ ಬಂದು ತರುಣ ವೈದ್ಯರಾಗಿದ್ದ ವಿ. ಎಸ್. ಆಚಾರ್ಯರು ಅಧ್ಯಕ್ಷರಾದದ್ದೂ ಇದಕ್ಕೆ ಸಾಕ್ಷಿ. ಆ ಪುರಸಭೆಯು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಲ್ಲಿಸಿತೆಂಬುದೂ ಸ್ಮರಣೀಯ. ಪೇಟೆಯ ಮತದಾರನು, ಅಂದರೆ ವರ್ತಕ, ಗುಮಾಸ್ತ, ಉಪಾಧ್ಯಾಯ ಮೊದಲಾದವನು, ಯಾರ ಒಕ್ಕಲೂ ಆಗಿರಲಿಲ್ಲ. ಗೇಣಿಯ ಹಂಗಿಲ್ಲದ ಕಡೆಯಲ್ಲಿ ಹೊಸ ಪಕ್ಷವು ಮೊದಲು ಬೇರೂರಿತೆಂಬುದು ಆಕಸ್ಮಿಕವಾಗಿರಲಾರದು.

(೪)

ಡಿ. ದೇವರಾಜ ಅರಸರು ೧೯೭೨ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಸರ್ಕಾರವು ತಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ೧೯೭೪ನೆಯ ಮಾರ್ಚ್ ೧ರಂದು ಗೇಣಿಯ ಭೂಮಿಯೆಲ್ಲವೂ ಸರ್ಕಾರಕ್ಕೆ ಸಂದಿತು; ಒಕ್ಕಲು ಏಳನೆಯ ನಮೂನೆಯ ಅರ್ಜಿಯನ್ನು ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸ್ಥಾಪಿಸಿ, ಒಡೆತನವನ್ನು ಪಡೆಯತಕ್ಕದ್ದೆಂದಾಯಿತು. ಮಂಡಳಿಗಳಲ್ಲಿ ಅಧಿಕಾರಿಯೊಡನೆ ಅಧಿಕಾರಿಗಳಲ್ಲದ ಸದಸ್ಯರೂ ಇದ್ದರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅರ್ಜಿಯ ಕೊನೆಯ ಗಡುವು ೧೯೭೯ನೆಯ ಜೂನ್ ೩೦ರ ವರೆಗೆ ಮುಂದುವರಿಯಿತು. ರಾಜ್ಯದಲ್ಲಿ ಗೇಣಿಯು ಅತ್ಯಂತ ದಟ್ಟವಾಗಿದ್ದ ಕರಾವಳಿಯ ಜಿಲ್ಲೆಗಳಲ್ಲಿ ಈ ಕಾನೂನಿನ ಪರಿಣಾಮವು ಉಳಿದೆಡೆಗಳಿಗಿಂತ ಆಳವಾಯಿತು. ಊರಿನ ಆಡುಮಾತಿನಲ್ಲಿ ‘ಡಿಕ್ಲರೇಶನ್’ ಎಂದು ಹೆಸರಾದ ಆ ಅರ್ಜಿಯು ಎಷ್ಟೋ ಮನೆಗಳಲ್ಲಿ ಒಡೆಯನಿಗೆ ವಿರುದ್ಧವಾಗಿ ಒಕ್ಕಲು ಹಾಕಿದ ಮೊದಲ ಸಹಿ.

ಈ ಕಾನೂನಿನ ಪ್ರಸಿದ್ಧ ಘೋಷವಾಕ್ಯವಾದ ‘ಉಳುವವನೇ ಹೊಲದೊಡೆಯ’ ಎಂಬುದನ್ನೂ ಇಲ್ಲಿ ವಿಮರ್ಶಿಸಬೇಕು. ಕಾನೂನಿನ ಅರ್ಥದಲ್ಲಿ ‘ಉಳುವವನು’ ಎಂದರೆ ಗೇಣಿಯ ಹಕ್ಕುಳ್ಳವನು, ನೇಗಿಲನ್ನು ಹಿಡಿಯುವವನೆಂದಲ್ಲ. ನೇಗಿಲನ್ನು ಹಿಡಿಯುತ್ತಿದ್ದವನು ಅನೇಕ ಕಡೆಗಳಲ್ಲಿ ಒಕ್ಕಲಿನ ಆಳು. ಚೋಮನು ೧೯೭೪ರಲ್ಲಿ ಬದುಕಿದ್ದರೆ ಏಳನೆಯ ನಮೂನೆಯನ್ನು ಅವನು ತುಂಬಲಾಗುತ್ತಿರಲಿಲ್ಲ. ಗೇಣಿ ಸಿಕ್ಕದಿದ್ದುದೇ ಅವನ ದುರಂತವಾದ್ದರಿಂದ, ಗೇಣಿದಾರನಿಗೆ ಭೂಮಿ ಕೊಡುವ ಕಾನೂನಿನಿಂದ ಅವನಿಗೆ ಪ್ರಯೋಜನವಿಲ್ಲ. ಹೆಚ್ಚೆಂದರೆ, ಅನ್ಯರ ಜಾಗದಲ್ಲಿದ್ದ ಗುಡಿಸಲಿನ ನೆಲವು ಅದೇ ಕಾನೂನಿನ ಇನ್ನೊಂದು ವಿಧಿಯಂತೆ ಅವನದಾಗಬಹುದಾಗಿತ್ತು. ಬಿ. ವಿ. ಕಾರಂತರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದ್ದು ೧೯೭೫ರಲ್ಲಿ, ಅಂದರೆ ಮಂಡಳಿಗಳು ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿಯೇ. ಆ ಚಿತ್ರಕ್ಕೆ ರಾಷ್ಟ್ರದ ಅತ್ಯುನ್ನತ ಪ್ರಶಸ್ತಿ ಸಂದಿತು. ಆದರೆ ಅದು ಕೇಳಿದ ಪ್ರಶ್ನೆಗೆ ಆ ಕಾನೂನಿನಲ್ಲಿ ಉತ್ತರವಿರಲಿಲ್ಲ.

ಭೂಮಿಯೊಡನೆ ಇನ್ನೊಂದು ಶಕ್ತಿಯೂ ಈ ಸೀಮೆಯಲ್ಲಿ ಕೆಲಸ ಮಾಡುತ್ತಿತ್ತು. ಉಡುಪಿಯಲ್ಲಿ ೧೯೦೬ರಲ್ಲಿ ಕಾರ್ಪೊರೇಶನ್ ಬ್ಯಾಂಕೂ, ೧೯೨೫ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯೂ ಹುಟ್ಟಿದುವು. ಎರಡನೆಯದು ೧೯೨೮ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನವನೇ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಂಥ ಪುಡಿಹಣವನ್ನೂ ಸ್ವೀಕರಿಸುತ್ತಿದ್ದನು. ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಬ್ಯಾಂಕಿನ ಗುಮಾಸ್ತಗಿರಿ, ಕಾಲೇಜಿನ ಕೆಲಸ, ಮುಂಬಯಿಯ ಹೋಟೆಲು, ತರುವಾಯ ಕೊಲ್ಲಿ ದೇಶಗಳ ಸಂಬಳ, ಇವೆಲ್ಲವೂ ಒಕ್ಕಲಿನ ಮಗನಿಗೆ ಧಣಿಯ ಅಂಗಳವನ್ನು ದಾಟಿ ಹೋಗುವ ದಾರಿಗಳಾದುವು. ೧೯೭೭ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ನೆಲಕಚ್ಚಿದಾಗ ಕರ್ನಾಟಕವು ೨೮ ಸ್ಥಾನಗಳಲ್ಲಿ ೨೬ನ್ನು ಅದಕ್ಕೆ ಕೊಟ್ಟಿತು. ಉಡುಪಿಯಲ್ಲಿ ಗೆದ್ದ ಟಿ. ಎ. ಪೈಗಳು ಸಿಂಡಿಕೇಟ್ ಬ್ಯಾಂಕಿನ ಆಡಳಿತವನ್ನು ನಡೆಸಿದ್ದವರು. ಭೂಮಿಯೂ ಬ್ಯಾಂಕೂ ಆ ವರ್ಷ ಒಂದೇ ಪಕ್ಷದ ಬೆಂಬಲಕ್ಕೆ ನಿಂತಂತಾಯಿತು.

(೫)

ಇಷ್ಟಾದ ಮೇಲೆ ಬಂದ ಪರಿವರ್ತನೆಯನ್ನು ವಿವರಿಸುವಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಋಣ’ದ್ದು. ಭೂಮಿ ಕೊಟ್ಟ ಪಕ್ಷವನ್ನು ಭೂಮಿ ಪಡೆದವರ ಮಕ್ಕಳು ಕೈಬಿಟ್ಟರು, ಇದು ಕೃತಘ್ನತೆ ಎಂಬುದು ಒಂದು ಪಕ್ಷದ ಆಕ್ಷೇಪ. ಗೇಣಿಯಿಂದ ಬಿಡುಗಡೆ ಹೊಂದಿದ ಮನೆತನಗಳು ಇಷ್ಟು ದಟ್ಟವಾಗಿರುವ ಜಿಲ್ಲೆಯಲ್ಲಿ ಐದು ಕ್ಷೇತ್ರಗಳೂ ಎರಡು ಬಾರಿ ಬೇರೆ ಪಕ್ಷಕ್ಕೆ ಸಲ್ಲಬೇಕಾದರೆ, ಆ ಮನೆತನಗಳಲ್ಲಿ ಗಣನೀಯ ಭಾಗವು ಆ ಕಡೆಗೆ ಹೋಗಿರಲೇಬೇಕು. ಅಷ್ಟರಮಟ್ಟಿಗೆ ಆಕ್ಷೇಪದ ವಾಸ್ತವಾಂಶವನ್ನು ಒಪ್ಪಬಹುದು. ಆದರೆ ಅದರ ತೀರ್ಪನ್ನು ಒಪ್ಪಲಾಗುವುದಿಲ್ಲ.

ಮೊದಲನೆಯದಾಗಿ, ಋಣದ ಲೆಕ್ಕವು ಆರಂಭದಿಂದಲೇ ಸರಿಬರುವುದಿಲ್ಲ. ಭೂಮಿಯ ಋಣವು ಯಾರಿಗಾದರೂ ಸಲ್ಲಬೇಕಾಗಿದ್ದರೆ ಅದು ದೇವರಾಜ ಅರಸರಿಗೆ. ಅವರು ೧೯೭೯ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. ೧೯೮೦ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಕರ್ನಾಟಕದಲ್ಲಿ ಒಂದು ಸ್ಥಾನವೂ ಬರಲಿಲ್ಲ. ೨೭ ಸ್ಥಾನಗಳು ಇಂದಿರಾ ಕಾಂಗ್ರೆಸ್ಸಿಗೆ ಹೋದುವು. ಏಳನೆಯ ನಮೂನೆಯ ಗಡುವು ಮುಗಿದು ಆಗ ಒಂದು ವರ್ಷವೂ ಕಳೆದಿರಲಿಲ್ಲ. ಋಣವು ಠೇವಣಿಯಂತೆ ಒಡೆಯನ ಹಿಂದೆ ಹೋಗುವುದೇ ನಿಜವಾಗಿದ್ದರೆ, ಅದು ಆಗಲೇ ಹೋಗಬೇಕಾಗಿತ್ತು. ಮೂವತ್ತು ವರ್ಷಗಳ ಮೇಲೆ ಮೊಮ್ಮಕ್ಕಳನ್ನು ಅದೇ ಋಣಕ್ಕಾಗಿ ದೂರುವುದು ನ್ಯಾಯವಲ್ಲ.

ಎರಡನೆಯದಾಗಿ, ಒಕ್ಕಲಿಗೆ ಸಿಕ್ಕಿದ್ದು ಹಕ್ಕು; ಉಂಬಳಿಯಲ್ಲ. ಉಂಬಳಿಯನ್ನು ಕೊಟ್ಟವನಿಗೆ ಸೇವೆ ಸಲ್ಲಿಸಬೇಕು. ಹಕ್ಕನ್ನು ಪಡೆದವನು ಯಾರಿಗೂ ಸೇವೆ ಸಲ್ಲಿಸಬೇಕಾದುದಿಲ್ಲ. ಹಿಂದೆ ಧಣಿಗೆ ಸಲ್ಲುತ್ತಿದ್ದ ಮತವನ್ನು ಇನ್ನುಮುಂದೆ ಪಕ್ಷಕ್ಕೆ ಸಲ್ಲಿಸತಕ್ಕದ್ದೆಂದು ಹೇಳುವುದಾದರೆ, ಕಾನೂನು ಧಣಿಯನ್ನು ಬದಲಾಯಿಸಿತೇ ಹೊರತು ಗೇಣಿಯನ್ನು ತೆಗೆಯಲಿಲ್ಲವೆಂದಾಗುವುದು. ೧೯೭೪ರ ಕಾನೂನಿನ ಸಾರ್ಥಕ್ಯವಿರುವುದು ಅದು ಒಕ್ಕಲಿನ ಮತವನ್ನು ಯಾರ ಕೈಯಲ್ಲಿಯೂ ಇಡಲಿಲ್ಲವೆಂಬುದರಲ್ಲಿ. ತನ್ನ ಬೆಂಬಲದ ನೆಲೆಯಾಗಿದ್ದ ಸಂಬಂಧವನ್ನೇ ಒಂದು ಪಕ್ಷವು ಕಾನೂನಿನಿಂದ ಕರಗಿಸಿತು. ಕರಗಿದ ಮೇಲೆ ಆ ಬೆಂಬಲವು ಹೊಸ ಕಾರಣಗಳನ್ನು ಕೇಳಿತು. ಇದನ್ನು ಸೋಲೆನ್ನುವುದಕ್ಕಿಂತ ಸುಧಾರಣೆಯ ಸಿದ್ಧಿಯೆನ್ನುವುದು ಯುಕ್ತ.

ಮೂರನೆಯದಾಗಿ, ಒಕ್ಕಲಿನ ಮಗನು ಒಕ್ಕಲಲ್ಲ. ಅವನು ಸಣ್ಣ ಹಿಡುವಳಿಯ ಒಡೆಯ, ಕೂಲಿಯ ದರ ಏರಿದಾಗ ಕೂಲಿ ಕೊಡುವವನು, ಅಡಕೆಯ ಬೆಲೆಯನ್ನು ನೋಡುವವನು, ಸಂಬಳದವನು. ಮಲ್ಪೆಯ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಬಂದ ಮೇಲೆ ಮೀನುಗಾರನ ಸ್ಥಿತಿಯೂ ಹೀಗೆಯೇ ಬದಲಾಯಿತು. ರಂಪಣಿಯ ಬಲೆಗೆ ಹಲವು ಕೈಗಳು ಸೇರುತ್ತಿದ್ದ ಕಾಲ ಹೋಗಿ, ದೋಣಿಯ ಒಡೆಯ, ದೋಣಿಯ ಕೂಲಿಯಾಳು ಎಂಬ ಭೇದ ಬಂದಿತು. ಜಾತಿಯ ಹೆಸರು ಅದೇ ಉಳಿಯಿತು. ಹೆಸರಿನ ಒಳಗಿನ ಬಾಳು ಬೇರೆಯಾಯಿತು. ಎಸ್. ಎಂ. ಲಿಪ್ಸೆಟ್, ಸ್ಟೈನ್ ರೊಕ್ಕನ್ ಎಂಬ ವಿದ್ವಾಂಸರು ೧೯೬೭ರಲ್ಲಿ ಯೂರ್ಪಿನ ಪಕ್ಷಗಳನ್ನು ಕುರಿತು, ೧೯೨೦ರ ಸುಮಾರಿನ ಸಾಮಾಜಿಕ ಒಡಕುಗಳು ಅಲ್ಲಿಯ ಪಕ್ಷಭೇದದಲ್ಲಿ ಹೆಪ್ಪುಗಟ್ಟಿ ನಿಂತಿವೆಯೆಂದು ಪ್ರತಿಪಾದಿಸಿದ್ದರು. ಉಡುಪಿಯ ನಿದರ್ಶನವು ಇದಕ್ಕೆ ವಿರುದ್ಧವಾದದ್ದು. ಇಲ್ಲಿ ಒಡಕೇ ಕಾನೂನಿನಿಂದ ಕರಗಿತಾದ್ದರಿಂದ ಪಕ್ಷಭೇದವು ಹೆಪ್ಪುಗಟ್ಟಲು ಅವಕಾಶವಾಗಲಿಲ್ಲ.

(೬)

ಇದಕ್ಕೆ ಪ್ರಬಲವಾದ ಪ್ರತ್ಯಾಕ್ಷೇಪವೊಂದಿದೆ. ಗೇಣಿಯು ಅಳಿದದ್ದರಿಂದ ಮತವು ಬಿಡುಗಡೆಯಾಯಿತೆಂದು ಒಪ್ಪಿದರೂ, ಬಿಡುಗಡೆಯಾದ ಮತವು ಇಂಥ ಪಕ್ಷಕ್ಕೇ ಏಕೆ ಹೋಯಿತೆಂಬುದು ಅದರಿಂದ ತಿಳಿಯದು. ಅದಕ್ಕೆ ಧರ್ಮವೇ ಕಾರಣ, ಆರ್ಥಿಕ ಸ್ಥಿತಿಯಲ್ಲ ಎಂಬುದು ಆ ಪ್ರತ್ಯಾಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ೧೯೬೯ರಲ್ಲಿ ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನವು ಹಿಂದೂಗಳೆಲ್ಲರೂ ಸೋದರರೆಂದು ಸಾರಿ ಅಸ್ಪೃಶ್ಯತೆಯನ್ನು ಖಂಡಿಸಿತು. ೧೯೮೫ರಲ್ಲಿ ಧರ್ಮಸಂಸತ್ತು ಇಲ್ಲಿಯೇ ಸೇರಿತು. ಎರಡರಲ್ಲಿಯೂ ಪೇಜಾವರ ಮಠದ ವಿಶ್ವೇಶತೀರ್ಥರು ಪ್ರಮುಖರಾಗಿದ್ದರು. ಧಣಿ ಮತ್ತು ಒಕ್ಕಲು ಎಂಬ ಭೇದವು ಹೋದೆಡೆಯಲ್ಲಿ ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವ ಸಂಘಟನೆಗೆ ಸ್ಥಳ ದೊರೆಯಿತು. ಒಡೆಯನೂ ಒಕ್ಕಲೂ ನ್ಯಾಯಮಂಡಳಿಯ ಮುಂದೆ ಎದುರುಬದುರಾಗಿ ನಿಂತಿದ್ದಾಗ ಅಂಥ ಕರೆಯು ಸುಲಭವಾಗಿ ಕೇಳಿಸುತ್ತಿರಲಿಲ್ಲ. ಆದುದರಿಂದ ಧರ್ಮದ ಕರೆಯು ಆರ್ಥಿಕ ವಿವರಣೆಯನ್ನು ಅಲ್ಲಗಳೆಯುವುದಿಲ್ಲ. ಆರ್ಥಿಕ ಪರಿವರ್ತನೆಯು ತೆರವು ಮಾಡಿದ ಸ್ಥಳದಲ್ಲಿ ಅದು ಬಂದು ನಿಂತಿತು. ಹಿನ್ನೆಲೆಯು ತಾನಾಗಿ ಮಾತನಾಡುವುದಿಲ್ಲ. ಅದಕ್ಕೊಂದು ಹೆಸರನ್ನು ಕೊಟ್ಟು ಮಾತನಾಡಿಸುವುದು ಪಕ್ಷದ ಕೆಲಸ.

ಆರ್ಥಿಕ ಹಿತವೊಂದೇ ಮನುಷ್ಯನನ್ನು ನಡೆಸುವುದೆಂಬ ವಾದಕ್ಕೂ ಕಾರಂತರ ಕಾದಂಬರಿಯು ಎಡೆಗೊಡುವುದಿಲ್ಲ. ಕ್ರೈಸ್ತನಾದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮನು ದಾರಿಯಲ್ಲಿ ಪಂಜುರ್ಲಿಯ ನೆನಪಿನಿಂದ ಹಿಂದಿರುಗುತ್ತಾನೆ. ಅವನ ಮಗ ಗುರುವನಾದರೋ ಹಿಂದಿರುಗಲಿಲ್ಲ. ಒಂದೇ ಗುಡಿಸಲಿನಲ್ಲಿ, ಒಂದೇ ಬಡತನದಲ್ಲಿ, ತಂದೆಯೊಂದು ದಾರಿ ಹಿಡಿದರೆ ಮಗನು ಇನ್ನೊಂದು ಹಿಡಿದನು. ಹಿನ್ನೆಲೆಯು ದಾರಿಗಳನ್ನು ಎದುರಿಗಿಡುತ್ತದೆ, ಆರಿಸಿಕೊಳ್ಳುವವನು ಮನುಷ್ಯ.

ಹಾಗೆಂದು ಹಳೆಯ ಬ್ಯಾಂಕಿನ ಸ್ಥಳದಲ್ಲಿ ಹೊಸ ಬ್ಯಾಂಕೊಂದು ಎದ್ದಿತೆನ್ನುವುದೂ ತಪ್ಪು. ೨೦೧೨ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ ಹೆಗ್ಡೆಯವರು ಗೆದ್ದರು. ೨೦೧೩ರಲ್ಲಿ ಉಡುಪಿಯೂ ಕಾಪುವೂ ಅದೇ ಪಕ್ಷಕ್ಕೆ ಹೋದುವು, ಕಾರ್ಕಳವು ಹೋಗಲಿಲ್ಲ. ಐದು ವರ್ಷಗಳಲ್ಲಿ ಅವು ಮತ್ತೆ ತಿರುಗಿದುವು. ಕರೆದಾಗ ಬಾರದ, ಕರೆಯದಾಗ ಬರುವ ಹಣಕ್ಕೆ ಠೇವಣಿಯೆಂದು ಹೆಸರಿಡುವುದು ಬ್ಯಾಂಕುಗಳ ತವರಾದ ಈ ಸೀಮೆಯಲ್ಲಂತೂ ಸಲ್ಲದು.

(೭)

ಇನ್ನು ಪ್ರಮಾಣದ ವಿಚಾರ. ಮೇಲೆ ಹೇಳಿದ ಫಲಗಳು ಕ್ಷೇತ್ರಗಳ ಫಲಗಳು, ಮನೆಗಳ ಫಲಗಳಲ್ಲ. ಕ್ಷೇತ್ರದ ಸರಾಸರಿಯಿಂದ ವ್ಯಕ್ತಿಯ ನಡತೆಯನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದನ್ನು ಡಬ್ಲ್ಯು. ಎಸ್. ರಾಬಿನ್‌ಸನ್ ೧೯೫೦ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಮತವು ಗುಪ್ತ; ೧೯೩೧ರ ತರುವಾಯ ಪ್ರಕಟವಾದ ಯಾವ ಜನಗಣತಿಯಲ್ಲಿಯೂ ಎಲ್ಲ ಜಾತಿಗಳ ಸಂಖ್ಯೆಯಿಲ್ಲ; ಕ್ಷೇತ್ರಗಳ ಎಲ್ಲೆಗಳು ಮರುವಿಂಗಡಣೆಯಲ್ಲಿ ಬದಲಾಗಿವೆ. ಹೀಗಿರುವಲ್ಲಿ ಇಂಥ ಜಾತಿಯ ಶೇಕಡ ಇಷ್ಟು ಮತವು ಇಂಥ ಪಕ್ಷಕ್ಕೆಂದು ಊರೂರಿನ ಲೆಕ್ಕ ಹೇಳುವವರ ಧೈರ್ಯವು ಅವರ ಆಧಾರಕ್ಕಿಂತ ದೊಡ್ಡದು. ಭೂನ್ಯಾಯಮಂಡಳಿಗಳ ತೀರ್ಪುಗಳನ್ನು ಗ್ರಾಮ ಗ್ರಾಮವಾಗಿ ಮತಗಟ್ಟೆಗಳ ಫಲಗಳೊಡನೆಯೂ ಮನೆತನಗಳ ಮೌಖಿಕ ಚರಿತ್ರೆಯೊಡನೆಯೂ ಹೋಲಿಸಿ ನೋಡುವುದು ಮಾಡತಕ್ಕ ಕೆಲಸ. ಗೇಣಿಯು ದಟ್ಟವಾಗಿದ್ದ ಗ್ರಾಮಗಳು ಗೇಣಿಯಿಲ್ಲದ ಗ್ರಾಮಗಳಿಗಿಂತ ಬೇರೆಯಾಗಿ ನಡೆದುಕೊಂಡುವೇ, ಎಷ್ಟು ಕಾಲ ನಡೆದುಕೊಂಡುವು ಎಂಬುದು ಅದರಿಂದ ತಿಳಿದೀತು. ಇಲ್ಲಿ ಪ್ರತಿಪಾದಿಸಿದ ವಾದವು ನಿಲ್ಲುವುದೋ ಬೀಳುವುದೋ ಅದರಿಂದಲೇ ನಿರ್ಣಯವಾಗತಕ್ಕದ್ದು.

ಆ ಸಂಶೋಧನೆಯಲ್ಲಿ ಒಂದು ವರ್ಗವನ್ನು ಮರೆಯಬಾರದು. ಕೊರಗರು, ಭೂಮಿಯಿಲ್ಲದ ಕೂಲಿಗಳು, ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರು ಏಳನೆಯ ನಮೂನೆಯಲ್ಲಿ ಸೇರಲಿಲ್ಲ. ‘ಋಣ’ದ ವಾದದಲ್ಲಿಯೂ ಅವರಿಗೆ ಸ್ಥಾನವಿಲ್ಲ, ಏಕೆಂದರೆ ಅವರಿಗೆ ಕೊಟ್ಟದ್ದು ಅತ್ಯಲ್ಪ. ಒಕ್ಕಲಿನ ಮತವು ಬಿಡುಗಡೆಯಾದ ಕಥೆಯನ್ನು ಹೇಳುವವರು ಆಳಿನ ಮತದ ಕಥೆಯನ್ನು ಇನ್ನೂ ಹೇಳಬೇಕಾಗಿದೆ.

ಒಟ್ಟಿನಲ್ಲಿ ‘ವೋಟು ಬ್ಯಾಂಕು’ ಎಂಬ ಮಾತನ್ನು ಬಿಟ್ಟುಬಿಡಬೇಕೆಂದಿಲ್ಲ. ಅದನ್ನು ಅದರ ಮೂಲಾರ್ಥಕ್ಕೆ ಹಿಂದಿರುಗಿಸಿದರೆ ಸಾಕು. ಎಲ್ಲಿ ಒಬ್ಬನ ಅನ್ನವು ಇನ್ನೊಬ್ಬನ ಮರ್ಜಿಯಲ್ಲಿದೆಯೋ, ಎಲ್ಲಿ ಎಬ್ಬಿಸುವ ಭಯವಿದೆಯೋ, ಅಲ್ಲಿ ಆ ಮಾತು ಸಲ್ಲುತ್ತದೆ. ಆ ಭಯವು ಯಾವ ಜಾತಿಯಲ್ಲಿದ್ದರೂ ಸಲ್ಲುತ್ತದೆ. ಭಯವು ಹೋದೆಡೆಯಲ್ಲಿ ಅದನ್ನು ಬಳಸುವುದು, ಗೇಣಿಯಿಂದ ಬಿಡುಗಡೆ ಹೊಂದಿದವನನ್ನು ಮಾತಿನಲ್ಲಿ ಮತ್ತೆ ಒಕ್ಕಲಾಗಿಸುವುದೇ ಸರಿ. ಮತದಾರನು ಆರಿಸಿದ್ದನ್ನು ಒಪ್ಪಬಹುದು, ಖಂಡಿಸಬಹುದು; ಆರಿಸಿದವನು ಅವನೇ ಎಂಬುದನ್ನು ಮಾತ್ರ ವಿಮರ್ಶಕನು ಮರೆಯಬಾರದು.